ಎಡದ ಪಿಲ್ಲರು, ಬಲದ ಪಿಲ್ಲರು

ಹೊನ್ನಾವರದ ತೆಂಕಕೇರಿಯ ರಮಾನಂದ ನಾಯ್ಕ ಯಾರಿಗೂ ಕೇಡು ಬಗೆದವನಲ್ಲ. ಅವನದು ಒಂದೇ ಒಂದು ದೋಷ: ತನಗೆ ಕಿವಿ ಇದೆ ಎಂದು ಹೇಳಿಕೊಳ್ಳುತ್ತಿದ್ದ. ಕಿವಿ ಯಾರಿಗಿಲ್ಲ ಸ್ವಾಮಿ ಎಂದು ನೀವು ಕೇಳಬಹುದು. ಇದು ಕನ್ನಡಕ ಸಿಕ್ಕಿಸುವ ಕಿವಿಯ ಮಾತಲ್ಲ. ತಾಳಮದ್ದಳೆ ಕೇಳುವಾಗ ಕಣ್ಣು ಮುಚ್ಚಿ, ತಲೆ ತೂಗಿ, ನಡುನಡುವೆ "ಹ್ಹಾ!" ಎಂದು ಉದ್ಗರಿಸುವಂಥ ಕಿವಿ. ಅಂಥದ್ದು ಕುಮಟೆಯಿಂದ ಭಟ್ಕಳದ ತನಕ ತನ್ನೊಬ್ಬನಿಗೇ ಇರುವುದೆಂದು ನಂಬಿ ಅವನು ಐವತ್ಮೂರು ವರ್ಷ ಸುಖವಾಗಿ ಕಳೆದಿದ್ದ.

ಆ ಕಿವಿಗೆ ತಕ್ಕ ಆಸ್ತಿ ಎರಡಿದ್ದವು, ಎರಡೂ ಮಾವನವು. ಮೊದಲನೆಯದು ಇಪ್ಪತ್ತಾರು ವರ್ಷದ ಬಿಳಿ ಕಾರು. ಹೊಳನಗದ್ದೆಯ ಮಾವ ವೆಂಕಟ ಮಾಸ್ತರರು ನಾಲ್ಕು ವರ್ಷದ ಹಿಂದೆ ತೀರಿಕೊಳ್ಳುವ ಮುಂಚೆ ಅದನ್ನು ಮಗಳು ಮಾದೇವಿಗೆ ಕೊಟ್ಟಿದ್ದರು. ಮಗಳಿಗೆ ಕೊಟ್ಟದ್ದು, ಅಳಿಯನಿಗಲ್ಲ; ಓದುಗರು ಇದನ್ನು ಮರೆಯಬಾರದು. ರಮಾನಂದ ಮರೆಯದಂತೆ ಮಾದೇವಿ ನೋಡಿಕೊಳ್ಳುತ್ತಿದ್ದಳು. ಎರಡನೆಯದು, ಮಾಸ್ತರರು ತಮ್ಮದೇ ಅಂಗಳದಲ್ಲಿ ನಡೆದ ತಾಳಮದ್ದಳೆಯನ್ನು, ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದಿದ್ದ ಕ್ಯಾಸೆಟ್. ಅದೀಗ ಪೆನ್ ಡ್ರೈವಿಗೆ ಇಳಿದು ಕಾರಿನಲ್ಲಿ ದಿನಾ ಮೊಳಗುತ್ತಿತ್ತು. ಅದರ ನಡುವೆ ಒಂದು ಕಡೆ "ಸ್ಸ್... ಸ್ಸ್" ಎಂದು ಸದ್ದು ಬರುತ್ತದೆ. ಅಲ್ಲಿಗೆ ಬಂದಾಗ ರಮಾನಂದ ಸ್ಟೇರಿಂಗ್ ಬಿಟ್ಟು ಒಂದು ಕೈ ಎತ್ತುತ್ತಿದ್ದ. "ಕೇಳಿ, ಕೇಳಿ. ತೆಂಗಿನ ಮಡಲಿನ ಚಪ್ಪರಕ್ಕೆ ಗಾಳಿ ತಾಗೂದು. ಕಿವಿ ಇದ್ದವ್ರಿಗೆ ಮಾತ್ರ ತಿಳಿತದೆ." ಕಾರಿನಲ್ಲಿ ಕೂತವರು ಹೌದು ಹೌದು ಎನ್ನುತ್ತಿದ್ದರು. ಅವರಿಗೆ ಇಳಿಯುವ ಊರು ಇನ್ನೂ ದೂರವಿರುತ್ತಿತ್ತು.

ಹೀಗಿರುವಾಗ ಒಂದು ಆಯ್ತವಾರ ಷಡ್ಡಕ ಸುದರ್ಶನ ಆ ಕಾರಿನಲ್ಲಿ ಕೂತ. ಮಾದೇವಿಯ ತಂಗಿ ಸುಪ್ರಿಯಾಳ ಗಂಡ, ಭಟ್ಕಳದ ಹತ್ತಿರ ಜಾಲಿಯಲ್ಲಿ ಮನೆ, ಎಂಟು ಸ್ಪೀಕರಿನ ಹೊಸ ಕಾರು. ಹತ್ತು ನಿಮಿಷ ಸುಮ್ಮನೆ ಕೇಳಿದವನು ಹನ್ನೊಂದನೆಯ ನಿಮಿಷಕ್ಕೆ ಬಾಯಿ ಬಿಟ್ಟ.

"ಭಾವ, ಮದ್ದಲೆ ಗುಡುಗುಡು ಕೇಳ್ತದೆ. ತಾಳ ಎಲ್ಲಿ ಹೋತು?"

"ಅದೆ, ಅದೆ. ಕಿವಿಗೊಟ್ಟು ಕೇಳು."

"ಕಿವಿ ಎಷ್ಟು ಕೊಟ್ರೂ ಇಲ್ಲದ್ದು ಕೇಳೂದು ಹೆಂಗೆ? ಸಣ್ಣ ಸದ್ದಿಗೆ ಟ್ವೀಟರ್ ಬೇಕು ಭಾವ, ಪುಟ್ಟ ಸ್ಪೀಕರು. ಇಷ್ಟು ವರ್ಷ ನೀವು ತಲೆ ತೂಗಿದ್ದು ಯಾವ ತಾಳಕ್ಕೆ?"

ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರು ಕಿಸಕ್ಕೆಂದು ನಕ್ಕರು. ರಮಾನಂದನ ಮುಖ ಕೆಂಪಾಯಿತು. "ಬರೂ ಆಯ್ತವಾರ ಜಾಲಿಗೇ ಬಂದು ಕೇಳಿಸ್ತೆ" ಎಂದು ಸವಾಲು ಹಾಕಿಬಿಟ್ಟ.

ಮರುದಿನವೇ ಕುಮಟೆಗೆ ಹೋಗಿ, ಕಾರಿಗೆ ಸೀಟು ಕವರು, ಹಾರ್ನು ಹಾಕುವ ಗುರುದತ್ತನ ಅಂಗಡಿಯಲ್ಲಿ ಟ್ವೀಟರ್ ಜೋಡಿಯೊಂದನ್ನು ತೆಗೆದುಕೊಂಡ. ಒಂದೊಂದೂ ಸಿಪ್ಪೆ ಸಮೇತದ ಅಡಿಕೆಯಷ್ಟಿತ್ತು.

"ಸಾಮಾನು ಕೊಡೂದು ಸಸಾರ" ಎಂದ ಗುರುದತ್ತ. "ಎಲ್ಲಿ ಕೂರ್ಸೂದು ಹೇಳೂದೇ ತ್ರಾಸು. ಹಳೇ ಕಾರಲ್ಲಿ ಅದಕ್ಕೆ ಜಾಗ ಮಾಡಿರೂದಿಲ್ಲ. ಮುಂದಿನ ಗಾಜಿನ ಎರಡೂ ಬದಿ ಕಂಬ ಅದ್ಯಲ್ಲ, ಪಿಲ್ಲರ್ ಅಂತಾರೆ, ಅದಕ್ಕೆ ಹಾಕಬಹುದು. ಇಲ್ಲಾಂದ್ರೆ ಬಾಗಿಲಿಗೆ, ಕನ್ನಡಿ ಹತ್ರ. ಅದೂ ಬೇಡಾಂದ್ರೆ ಡ್ಯಾಶ್‌ಬೋರ್ಡಿನ ಮೂಲೆಗೆ. ಕೂತವನ ಕಿವಿ ಮಟ್ಟಕ್ಕೆ ಬಂದ್ರೆ ಚಲೋ. ಎಲ್ಲಿ ಹಾಕಿದ್ರೂ ತೂತು ಮಾತ್ರ ಹೊಡಿಲೇಬೇಕು."

ತೂತು ಎಂಬ ಮಾತು ಕೇಳಿದ್ದೇ ರಮಾನಂದ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದ. ಹೋದ ವರ್ಷ ಮೊಬೈಲ್ ಸ್ಟ್ಯಾಂಡಿಗೆಂದು ಸ್ಕ್ರೂ ಹಿಡಿದು ನಿಂತಾಗ ಮಾದೇವಿ ಹೇಳಿದ್ದು ನೆನಪಾಯಿತು: "ಅಪ್ಪನ ಕಾರಿಗೆ ಇನ್ನೆರಡು ತೂತು ಬೀಳೂಕಿಲ್ಲ. ಬಿದ್ದ ದಿನ ಕೀಲಿ ನನ್ನ ಕೈಗೆ ಕೊಡಿ, ನೀವು ಬಸ್ಸಿಗೆ ಹೋಗಿ." ಇನ್ನೆರಡು ಎಂದರೇನು, ಮೊದಲಿನ ಎರಡು ಯಾವುವು ಎಂದು ಆಗ ಅವನು ಕೇಳಲಿಲ್ಲ. ಹೆಂಡತಿ ಸಿಟ್ಟಿನಲ್ಲಿರುವಾಗ ವ್ಯಾಕರಣ ನೋಡುವ ಗಂಡ ಇನ್ನೂ ಹುಟ್ಟಬೇಕಷ್ಟೆ.

ಈಗ ಅವನ ಸ್ಥಿತಿ ನೋಡಿ. ತೂತು ಹೊಡೆದರೆ ಕಾರು ಹೋಯಿತು. ಹೊಡೆಯದಿದ್ದರೆ ಷಡ್ಡಕನ ಮುಂದೆ ಕಿವಿ ಹೋಯಿತು. ಮೂರು ದಿನ ಅವನು ಮಾದೇವಿ ದೇವಸ್ಥಾನಕ್ಕೋ ನೀರಿಗೋ ಹೋದ ಸಂದು ನೋಡಿ ಕಾರಿನೊಳಗೆ ಕೂತು ಅಳತೆ ಟೇಪು ಹಿಡಿದ. ಕಿವಿಯಿಂದ ಎಡದ ಕಂಬಕ್ಕೆಷ್ಟು, ಬಲದ ಕಂಬಕ್ಕೆಷ್ಟು ಎಂದು ಬರೆದುಕೊಂಡ. ಕಡೆಗೆ ಪಿಲ್ಲರೇ ಸರಿ, ಕೆಲಸ ಮುಗಿದ ಮೇಲೆ ಅವಳಿಗೆ ತಾಳ ಕೇಳಿಸಿ ಸಮಾಧಾನ ಮಾಡಿದರಾಯಿತು ಎಂದು ತೀರ್ಮಾನಿಸಿ, ಗುರುವಾರ ಬೆಳಿಗ್ಗೆ ಹಿತ್ತಲಿನ ತೆಂಗಿನಮರದ ಬುಡದಲ್ಲಿ ನಿಂತು ಫೋನು ಮಾಡಿದ.

"ಗುರುದತ್ತಾ, ಅಳತೆ ಎಲ್ಲ ಆತು. ಪಿಲ್ಲರೇ ಗಟ್ಟಿ. ಎಡಕ್ಕೊಂದು, ಬಲಕ್ಕೊಂದು... ತೂತು ಹೊಡಿಲೇಬೇಕಲ್ಲ ಮಾರಾಯಾ, ಎಂತ ಮಾಡೂದು... ಶನಿವಾರ ಸಂಜೆ ಮಿಷನ್ ತಕಂಡು ಬಾ... ಕೇರಿಯಲ್ಲಿ ಯಾರಿಗೂ ಗೊತ್ತಾಗೂಕಿಲ್ಲ. ಮಾದೇವಿಗಂತೂ ಮೊದ್ಲೇ ಬೇಡ. ಗೊತ್ತಾದ್ರೆ ಬೊಬ್ಬೆ ಬೀಳ್ತದೆ."

ಅವನು ಸುತ್ತ ನಾಲ್ಕೂ ದಿಕ್ಕು ನೋಡಿದ್ದ. ಮೇಲೆ ನೋಡಲಿಲ್ಲ. ಮಾದೇವಿ ಹೇಳಿಕಳಿಸಿದ್ದರಿಂದ ಕಾಯಿ ಕೊಯ್ಯಲು ಬಂದ ಹಮ್ಮ ಮರದ ತುದಿಯಲ್ಲಿ ಕತ್ತಿ ಹಿಡಿದು ಕೂತಿದ್ದ.

ಇಲ್ಲಿ ತೆಂಕಕೇರಿಯ ಕಷ್ಟ ಸ್ವಲ್ಪ ಹೇಳಬೇಕು. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಾಗಿನಿಂದ ಕೇರಿಯ ಮೂವತ್ತು ಮನೆಗಳಿಗೆ ಸರಿಯಾಗಿ ನಿದ್ದೆಯಿಲ್ಲ. ಕೇರಿಯ ಮೇಲೆ ಫ್ಲೈಓವರ್ ಬರುತ್ತದೆ ಎಂದು ಒಬ್ಬರು, ಬರುವುದಿಲ್ಲ ಎಂದು ಇನ್ನೊಬ್ಬರು. ಬಂದರೆ ಅದರ ಪಿಲ್ಲರು ಯಾರ ಅಂಗಳದಲ್ಲಿ ಏಳುತ್ತದೆ ಎಂಬುದು ಊಟದ ಹೊತ್ತಿನ, ಚಾದ ಹೊತ್ತಿನ, ಮದುವೆಮನೆಯ ಮಾತು. ಇನ್ನು ರಮಾನಂದನೋ, ಸರ್ವೆ ಆಫೀಸಿನ ಗುಮಾಸ್ತ. ಅವನು ನೋಡುವುದು ಆವಕ-ಜಾವಕ ಮಾತ್ರ, ಬಂದ ಲಕೋಟೆಗೊಂದು ನಂಬರು, ಹೋದ ಲಕೋಟೆಗೊಂದು ನಂಬರು. ಆದರೆ ಕೇರಿಯ ಕಣ್ಣಿಗೆ ಇಡೀ ಜಿಲ್ಲೆಯ ನಕ್ಷೆ ಅವನ ಕಿಸೆಯಲ್ಲಿತ್ತು. ಆ ನಂಬಿಕೆಯನ್ನು ಕೆಡಿಸಲು ಅವನೂ ಎಂದೂ ಪ್ರಯತ್ನಪಟ್ಟವನಲ್ಲ.

ರಮಾನಂದ ಒಳಗೆ ಹೋದದ್ದೇ ಹಮ್ಮ ಅರ್ಧ ಕೊಯ್ದ ಗೊನೆಯನ್ನು ಹಾಗೇ ಬಿಟ್ಟು ಇಳಿದ. ಮೂವತ್ತು ವರ್ಷದಲ್ಲಿ ಅವನು ಅಷ್ಟು ಬೇಗ ಮರ ಇಳಿದದ್ದಿಲ್ಲ. ಮಧ್ಯಾಹ್ನದ ಗಂಜಿ ಹೊತ್ತಿಗೆ ಎಡಬದಿಯ ಏಳು ಮನೆ ಹೋಗುತ್ತದೆ ಎಂದಾಯಿತು. ಚಾದ ಹೊತ್ತಿಗೆ ಬಲಬದಿಯ ಒಂಬತ್ತು ಮನೆಯೂ, ಕೇರಿಯ ಬಾವಿಯೂ ಸೇರಿದವು.

ಸಂಜೆ ದಿನಕರ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದ. ಕೇರಿಯ ಕಿರಾಣಿ ಅಂಗಡಿಯವನು, ಪಂಚಾಯ್ತಿ ಮೆಂಬರು ಬೇರೆ. ಬಂದವನೇ ದನಿ ತಗ್ಗಿಸಿದ.

"ರಮಾನಂದಣ್ಣ, ಪಿಲ್ಲರಿನ ಸುದ್ದಿ ಖರೆನಾ?"

ರಮಾನಂದನ ಜೀವ ಹಾರಿತು. ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ. "ಶ್! ನಿಂಗೆ ಯಾರು ಹೇಳದ್ರು?"

"ಯಾರೋ ಹೇಳದ್ರು. ಎಡಕ್ಕೆ ಬರ್ತದೋ, ಬಲಕ್ಕೋ?"

"ಎರಡೂ ಬದಿಗೆ. ಒಂದೇ ಬದಿಗೆ ಹಾಕಿದ್ರೆ ಎಂತ ಮಜಾ ಇಲ್ಲ."

"ಮಜಾನಾ!"

"ಮತ್ತೆ? ಎರಡೂ ಕಡೆಯವ್ರಿಗೆ ಸಮ ಬರಬೇಕಲ್ಲ."

ದಿನಕರನ ಅಂಗಡಿ ಇದ್ದದ್ದು ಬಲಬದಿಗೆ. ಅವನು ಬಾಳೆಹಣ್ಣನ್ನು ಇನ್ನಷ್ಟು ಹತ್ತಿರ ಸರಿಸಿದ. "ಬಲಗಡೆದು ಸ್ವಲ್ಪ ಆಚೆ ತೆಗೂಕಾಗ್ದಾ ಅಣ್ಣಾ?"

"ಆಗ್ತದೆ. ಎರಡು ಬೆರಳು ಅತ್ತ ಇತ್ತ."

"ಎರಡೇ ಬೆರಳಾ?"

"ಹೆಚ್ಚು ಸರದ್ರೆ ಗಾಜಿಗೆ ಬಡಿತದೆ. ಬಾಗಿಲಿಗೂ ಹಾಕ್ಬಹುದಾಗಿತ್ತು. ಆದ್ರೆ ದಿನಾ ದಡಾರ್ ದಡಾರ್ ಅಂತ ತೆಗ್ದು ಹಾಕೂ ಬಾಗಿಲು, ಅಲ್ಲಿ ಬಾಳೂದಿಲ್ಲ."

ದಿನಕರನಿಗೆ ತನ್ನ ಅಂಗಡಿಯ ಬಾಗಿಲು ಕಣ್ಣಿಗೆ ಕಟ್ಟಿ ಬೆವರು ಬಂತು. "ಇದನ್ನೆಲ್ಲ ನಿಗದಿ ಮಾಡೂದು ಯಾರು?"

"ಮತ್ಯಾರು? ನಾನೇ" ಎಂದ ರಮಾನಂದ. "ಕಿವಿ ಬೇಕು ಅದಕ್ಕೆ."

ದಿನಕರ ಹೊರಟುಹೋದ. ಇವನ ಕಿವಿಗೆ ಇನ್ನೂ ಏನೇನು ಬಿದ್ದಿದೆಯೋ ಎಂದು ದಾರಿಯುದ್ದಕ್ಕೂ ಅವನಿಗೆ ಯೋಚನೆ. ದಿನಕರ ಮಾದೇವಿಗೆ ಹೇಳದಿದ್ದರೆ ಸಾಕಪ್ಪಾ ಎಂದು ರಮಾನಂದ ಬಾಳೆಹಣ್ಣು ಸುಲಿದ.

ಶುಕ್ರವಾರ ಆಫೀಸಿನಲ್ಲಿ ಕೃಷ್ಣಾನಂದ ಸಾಹೇಬರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಅವರು ಕಚೇರಿಯ ಹಿರಿಯ ಸರ್ವೆಯರು. ಹನ್ನೆರಡು ವರ್ಷದಲ್ಲಿ ಅವನಿಗೆ ಮೊದಲ ಸಲ ಕುರ್ಚಿ ತೋರಿಸಿದರು.

"ರಮಾನಂದ, ತೆಂಕಕೇರಿ ಪಿಲ್ಲರಿನ ವಿಷಯ ನಿಮಗೆ ಗೊತ್ತದೆಯಂತೆ. ನಮಗೇ ಇನ್ನೂ ಕಾಗದ ಬರ್ಲಿಲ್ಲ."

ಸಾಹೇಬರ ತನಕ ಹೋಯಿತಲ್ಲ ಎಂದು ರಮಾನಂದನಿಗೆ ಗಾಬರಿ. ಸಾಹೇಬರಿಗೂ ಸಂಗೀತದ ಹುಚ್ಚಿದೆಯೆಂದು ಕೇಳಿದ್ದರಿಂದ, ಅವರೂ ಟ್ವೀಟರನ್ನೇ ಕೇಳುತ್ತಿದ್ದಾರೆ ಎಂದುಕೊಂಡ. "ಸಣ್ಣ ಕೆಲ್ಸ ಸಾರ್. ಆಫೀಸ್ ಟೈಮಲ್ಲಿ ಮಾಡ್ಲಿಲ್ಲ, ಮನೆಲೇ ಅಳತೆ ಹಿಡದದ್ದು."

"ಮನೆಲೇ! ಎತ್ತರ ಎಷ್ಟು?"

"ಕೂತವನ ಕಿವಿ ಮಟ್ಟ ಸಾರ್."

ಸಾಹೇಬರು ಪೆನ್ನು ಕೆಳಗಿಟ್ಟರು. ಕೂತವನ ಕಿವಿ ಮಟ್ಟದ ಫ್ಲೈಓವರಿನಡಿ ಕೋಳಿಯಾದರೂ ಹೇಗೆ ದಾಟೀತು ಎಂದು ಅವರಿಗೆ ತಿಳಿಯಲಿಲ್ಲ. ಆದರೆ ಕೈಕೆಳಗಿನ ಗುಮಾಸ್ತನಿಗೆ ಗೊತ್ತಿದ್ದದ್ದು ತಮಗೆ ಗೊತ್ತಿಲ್ಲ ಎಂದು ಯಾವ ಅಧಿಕಾರಿ ಹೇಳುತ್ತಾರೆ? "ಹ್ಞೂಂ, ಹೊಸ ಡಿಸೈನು" ಎಂದು ಗಂಭೀರವಾಗಿ ತಲೆಯಾಡಿಸಿ, ಆಮೇಲೆ ಮೆಲ್ಲಗೆ, "ನನ್ನ ತಂಗಿ ಮನೆ ಎಡಬದಿಗದೆ. ನೆನಪಿಟ್ಕೊಳ್ಳಿ" ಎಂದರು. ಸಾಹೇಬರ ತಂಗಿ ಮನೆಗೂ ತನ್ನ ಕಾರಿಗೂ ಏನು ಸಂಬಂಧ ಎಂದು ರಮಾನಂದ ಸಂಜೆವರೆಗೂ ಯೋಚಿಸಿದ. ಎರಡು ಲಕೋಟೆಗೆ ಒಂದೇ ನಂಬರು ಬಿತ್ತು.

ರಾತ್ರಿ ಊಟಕ್ಕೆ ಬಡಿಸುತ್ತ ಮಾದೇವಿ ಕೇಳಿದಳು. "ಕೇರಿಯವ್ರು ಎಂತೆಂತದೋ ಹೇಳ್ತಾರೆ. ಪಿಲ್ಲರಂತೆ, ಗುಟ್ಟಂತೆ. ನನ್ನ ಹತ್ರ ಮುಚ್ಚಿಟ್ಟದ್ದು ಎಂತಾದ್ರೂ ಅದ್ಯಾ?"

ರಮಾನಂದನ ಬಾಯಲ್ಲಿ ಬಂಗಡೆ ಮೀನಿನ ತುಂಡಿತ್ತು. "ಇಲ್ಲ" ಎಂದ.

"ಆತು. ನಾನೂ ಹಂಗೇ ಹೇಳ್ದೆ. ನಮ್ಮವ್ರು ನಂಗೆ ಹೇಳದೇ ಒಂದು ಮೊಳೆನೂ ಹೊಡಿಯೂವ್ರಲ್ಲ ಅಂತ ಬಾವಿಕಟ್ಟೆ ಮೇಲೆ ನಿಂತು ಎಲ್ರಿಗೂ ಹೇಳ್ದೆ" ಎಂದು ಅವಳು ಇನ್ನೊಂದು ಬಂಗಡೆ ಬಡಿಸಿದಳು. ಪಾಪ, ರಮಾನಂದ ಅದರ ಮುಳ್ಳು ಬಿಡಿಸುತ್ತಲೇ ಕೂತ.

ಶನಿವಾರ ಸಂಜೆ ಅವನು ಆಫೀಸಿನಿಂದ ಬಂದು ನೋಡುತ್ತಾನೆ, ಅಂಗಳದ ತುಂಬ ಜನ. ಕೆಲವರ ಕೈಯಲ್ಲಿ ಪಹಣಿ, ಕೆಲವರ ಕೈಯಲ್ಲಿ ಮನೆ ತೆರಿಗೆಯ ರಸೀದಿ. ದಿನಕರ ಬಿಳಿ ಅಂಗಿ ಹಾಕಿ ಒಂದು ಮನವಿಪತ್ರ ಹಿಡಿದಿದ್ದ. ಜಗಲಿಯ ಮೇಲೆ ಮಾದೇವಿ ಸೊಂಟಕ್ಕೆ ಸೆರಗು ಕಟ್ಟಿ, ಗಂಡನ ಪರವಾಗಿ ಒಬ್ಬಳೇ ವಾದಿಸುತ್ತಿದ್ದಳು.

ಅಷ್ಟರಲ್ಲಿ ಗುರುದತ್ತನ ಸ್ಕೂಟರು ಬಂತು. ಮುಂದೆ ಚೀಲದಿಂದ ಡ್ರಿಲ್ಲಿನ ಮೂತಿ ಹೊರಗೆ ಇಣುಕುತ್ತಿತ್ತು.

"ಬಂತು! ಮಿಷನ್ ಬಂತು!" ಎಂದು ಹಮ್ಮ ಕೂಗಿದ.

"ಇಷ್ಟು ಸಣ್ಣದಾ?" ಎಂದರು ಯಾರೋ.

"ಇದು ಮಣ್ಣು ತೆಗ್ದು ನೋಡೂಕೆ. ದೊಡ್ಡದು ಹಿಂದಿಂದ ಬರ್ತದೆ" ಎಂದ ದಿನಕರ. ಮೆಂಬರನಾದ ಮೇಲೆ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರಬೇಕಾಗುತ್ತದೆ. ಹತ್ತು ಜನ ಗುರುದತ್ತನನ್ನು ಸುತ್ತುವರಿದರು. ಅವನು ಹೆಲ್ಮೆಟ್ ತೆಗೆಯುವ ಧೈರ್ಯ ಮಾಡಲಿಲ್ಲ.

ದಿನಕರ ಮನವಿ ಓದಿದ. "ತೆಂಕಕೇರಿಯ ಎಡ ಹಾಗೂ ಬಲ ಬದಿಗೆ ಫ್ಲೈಓವರಿನ ಪಿಲ್ಲರ್ ಹಾಕುವ ಗುಪ್ತ ತೀರ್ಮಾನವನ್ನು ನಾವೆಲ್ಲರೂ..."

ಫ್ಲೈಓವರಿನ ಪಿಲ್ಲರ್! ರಮಾನಂದನ ತಲೆಯೊಳಗೆ ಬಾಳೆಹಣ್ಣು, ಸಾಹೇಬರ ತಂಗಿ, ಕೂತವನ ಕಿವಿ ಮಟ್ಟ, ಎಲ್ಲ ಒಂದೊಂದಾಗಿ ಜಾಗಕ್ಕೆ ಬಂದು ಕೂತವು. ಅಯ್ಯೋ ದೇವರೇ! ಇದು ಸುಳ್ಳು ಎಂದು ಹೇಳಲು ಒಂದು ಮಾತು ಸಾಕು. ಆದರೆ ಹಾಗಾದರೆ ಯಾವ ಪಿಲ್ಲರು ಎಂದು ಮುಂದಿನ ಪ್ರಶ್ನೆ ಬರುತ್ತದೆ, ಜಗಲಿಯ ಮೇಲೆ ಮಾದೇವಿ ನಿಂತಿದ್ದಾಳೆ. ಅವನು ಬಾಯಿ ತೆರೆದು ಮುಚ್ಚಿದ.

"ನೋಡಿದ್ರಾ, ಸುಳ್ಳಾದ್ರೆ ಸುಳ್ಳು ಹೇಳ್ತಿದ್ರು" ಎಂದ ದಿನಕರ.

ಆಗ ಹಮ್ಮ ಮುಂದೆ ಬಂದ. ದಿನವಿಡೀ ಮರದ ಮೇಲೆ ನಗುನಗುತ್ತ ಇರುವ ಮುದುಕನ ಕಣ್ಣಲ್ಲಿ ಈಗ ನೀರು ತುಂಬಿಕೊಂಡಿತ್ತು. "ತಮಾ, ನಿಂದು ತಪ್ಪಿಲ್ಲ, ಸರ್ಕಾರದ ಕೆಲ್ಸ. ನಂದು ಎಡಬದಿಗೆ ಎರಡು ಕೋಣೆ ಮನೆ. ಮೂವತ್ತು ವರ್ಷ ಮರ ಹತ್ತಿ ಕಟ್ಟಿದ್ದು. ಎರಡು ಬೆರಳು ಸರಿಸೂಕೆ ಬರ್ತದೆ ಅಂತೆ. ನಂದೊಂದು ಮನೆ ಬಿಟ್ಟು ಸರ್ಸು ಮಾರಾಯಾ."

ಕಾರು ಹೋದರೆ ಹೋಗಲಿ, ಬಸ್ಸು ಇದೆ. ರಮಾನಂದ ಕಿಸೆಗೆ ಕೈಹಾಕಿ ಎರಡು ಟ್ವೀಟರನ್ನೂ ತೆಗೆದು ಅಂಗೈ ಮೇಲೆ ಇಟ್ಟು ಎಲ್ಲರಿಗೂ ತೋರಿಸಿದ.

"ಹಮ್ಮಣ್ಣ, ನಿನ್ನ ಮನೆ ಎಲ್ಲೂ ಹೋಗೂದಿಲ್ಲ. ಬರೂದು ಈ ಸ್ಪೀಕರು. ಇದರ ಪಿಲ್ಲರು ನನ್ನ ಕಾರಲ್ಲಿ ಅದೆ. ನಾ ಕಾರಿಗೆ ತೂತು ಹೊಡ್ಸೂಕೆ ಹೊರಟಿದ್ದೆ. ಮಾದೇವಿಗೆ ಹೇಳ್ದೇ ಹೊರಟಿದ್ದೆ." ಕಡೆಯ ಮಾತು ಹೇಳುವಾಗ ಅವನು ಜಗಲಿಯ ಕಡೆ ನೋಡಲಿಲ್ಲ.

ಹಮ್ಮ ಹತ್ತಿರ ಬಂದು ಅಂಗೈ ಮೇಲಿನದನ್ನು ಬೆರಳಲ್ಲಿ ಒತ್ತಿ ನೋಡಿದ. "ಇದಕ್ಕಾ ನಾ ಎರಡು ದಿನ ಉಪಾಸ ಬಿದ್ದದ್ದು?" ಎಂದ. ಆಮೇಲೆ ಎದ್ದ ನಗು ಹೆದ್ದಾರಿಯಲ್ಲಿ ಹೋಗುವ ಲಾರಿಯವನಿಗೂ ಕೇಳಿರಬೇಕು. ದಿನಕರ ಮನವಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟ. ನಕ್ಕು ಮುಗಿದದ್ದೇ ಎಲ್ಲರಿಗೂ ಟ್ವೀಟರಿನ ಚಿಂತೆ ಹತ್ತಿತು. ಬಾಗಿಲಿಗೇ ಹಾಕಿ ಎಂದು ಒಬ್ಬ, ಕಾಲ ಬುಡಕ್ಕೆ ಎಂದು ಇನ್ನೊಬ್ಬ, ಎರಡನ್ನೂ ಹಿಂದೆ ಹಾಕಿದರೆ ಹೆಂಗಸರಿಗೆ ಕೇಳುತ್ತದೆ ಎಂದು ಮತ್ತೊಬ್ಬ. ತನ್ನ ಮನೆ ಉಳಿದ ಖುಷಿಯಲ್ಲಿ ಹಮ್ಮ, ಆದಷ್ಟು ಎತ್ತರಕ್ಕೆ ಹಾಕಿ ಎಂದ.

ಮಾದೇವಿ ಜಗಲಿ ಇಳಿದು ಬಂದಳು. ಎಲ್ಲರೂ ದಾರಿ ಬಿಟ್ಟರು. ರಮಾನಂದ ಕಿಸೆಯಿಂದ ಕೀಲಿ ತೆಗೆದು ಅವಳ ಮುಂದೆ ಹಿಡಿದ. ಅವಳು ಕೀಲಿ ಕಸಿದುಕೊಂಡು ಕಾರಿನ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನ ಮೇಲೆ ತಾನೇ ಹೆಣೆದು ಹಾಸಿದ್ದ ಕ್ರೋಷಾ ಬಟ್ಟೆಯನ್ನು ಸರ್ರನೆ ಎಳೆದಳು. ಎಡಮೂಲೆಗೊಂದು, ಬಲಮೂಲೆಗೊಂದು ಗುಂಡನೆಯ ತೂತು.

"ಅಪ್ಪ ಹೊಡದದ್ದು. ಹೂದಾನಿ ಇಡೂಕೆ. ಆಯಿ ಬೈದು ಹೂದಾನಿ ತೆಗ್ಸಿದ್ಲು, ತೂತು ತೆಗೂಕೆ ಆಗ್ಲಿಲ್ಲ. ನಾ ಬಟ್ಟೆ ಹೆಣ್ದು ಮುಚ್ಚಿದ್ದೆ. ಇನ್ನೆರಡು ತೂತು ಬೇಡ ಅಂದದ್ದು ಅದಕ್ಕೇ." ಅವಳ ದನಿ ಗಡುಸಾಗಿತ್ತು. "ಕಿವಿ ಅದೆ ಅಂತ್ರಿ. ನಾ ಹೇಳಿದ್ದು ಅದಕ್ಕೆ ಬೀಳ್ಲಿಲ್ವಾ?"

ಗುರುದತ್ತ ಆಗ ಹೆಲ್ಮೆಟ್ ತೆಗೆದ. ಟ್ವೀಟರು ಆ ತೂತಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಡ್ರಿಲ್ಲು ಚೀಲದಿಂದ ಹೊರಗೇ ಬರಲಿಲ್ಲ. ಕೀಲಿ ಮಾತ್ರ ಮಾದೇವಿಯ ಸೆರಗಿನ ಗಂಟಿನಲ್ಲೇ ಉಳಿಯಿತು.

ಆಯ್ತವಾರ ಬೆಳಿಗ್ಗೆ ಅವಳು ಆ ಗಂಟು ಬಿಚ್ಚಿ ಕೀಲಿ ಕೊಟ್ಟಳು. ಶಿರಾಲಿ ದಾಟುವ ತನಕ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಪೆನ್ ಡ್ರೈವ್ ಹಾಕಲು ರಮಾನಂದನಿಗೆ ಧೈರ್ಯ ಬರಲಿಲ್ಲ.

ಜಾಲಿಯಲ್ಲಿ ಸುದರ್ಶನ ಕಾಯುತ್ತಿದ್ದ. ಬಂದು ಮುಂದಿನ ಸೀಟಿನಲ್ಲಿ ಕೂತ, ಅಕ್ಕತಂಗಿಯರು ಹಿಂದೆ. ರಮಾನಂದ ದೇವರನ್ನು ನೆನೆದು ಹಾಡು ಹಚ್ಚಿದ. ಆಹಾ! ತಾಳ ಟಿಣ್ ಟಿಣ್ ಎಂದು ಕಿವಿಯ ಪಕ್ಕದಲ್ಲೇ ನುಡಿಯಿತು. ಭಾಗವತರು ಉಸಿರು ಎಳೆದುಕೊಂಡದ್ದೂ ಕೇಳಿತು. ಸುದರ್ಶನ ಹುಬ್ಬೇರಿಸಿದ. ರಮಾನಂದ ಕಣ್ಣು ಮುಚ್ಚಿ ತಲೆ ತೂಗತೊಡಗಿದ. ಹೋದ ಮಾನ ಮೆಲ್ಲಗೆ ಮರಳಿ ಬರುತ್ತಿತ್ತು.

"ಈಗ ಕೇಳು" ಎಂದು ಕೈ ಎತ್ತಿದ. "ಮಡಲಿನ ಚಪ್ಪರಕ್ಕೆ ಗಾಳಿ..."

ಬಂದದ್ದು ಗಾಳಿಯಲ್ಲ. ಟೇಪ್ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡ ವೆಂಕಟ ಮಾಸ್ತರರು ಪಕ್ಕದಲ್ಲಿದ್ದ ಹೆಂಡತಿಯ ಕಿವಿಯಲ್ಲಿ ಹೇಳಿದ ಪಿಸುಮಾತು. ಇಷ್ಟು ವರ್ಷ ಸ್ಸ್ ಸ್ಸ್ ಎನ್ನುತ್ತಿದ್ದದ್ದು ಈಗ ಅಕ್ಷರ ಅಕ್ಷರವಾಗಿ ಕೇಳಿತು.

"ಅಳಿಯನ್ನ ನೋಡೇ. ತಲೆ ಚಲೋ ತೂಗ್ತ. ಒಂದೂ ತಾಳಕ್ಕೆ ಬೀಳೂದಿಲ್ಲ... ಇರ್ಲಿ ಬಿಡು. ಮಾದೇವಿಗೆ ಹೆದರ್ತ, ಅಷ್ಟು ಸಾಕು."

ರಮಾನಂದನ ತಲೆ ತೂಗುವುದು ಅರ್ಧಕ್ಕೆ ನಿಂತಿತು. ಸುದರ್ಶನ ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದಿದ್ದರು. ನಾಲ್ಕು ವರ್ಷದಿಂದ ಕೇಳದಿದ್ದ ಅಪ್ಪನ ದನಿ ಅದು. ಮಾದೇವಿ ನಗುತ್ತಿದ್ದಳೋ ಅಳುತ್ತಿದ್ದಳೋ ಕನ್ನಡಿಯಲ್ಲಿ ಸರಿಯಾಗಿ ಕಾಣಲಿಲ್ಲ. ನಿನ್ನೆ ಸಂಜೆಯಿಂದ ಮೊದಲ ಸಲ ಅವಳು ಗಂಡನ ಭುಜ ಮುಟ್ಟಿದಳು.

"ಇವ್ರೇ, ಇನ್ನೊಂದ್ಸಲ ಹಚ್ಚಿ."

ಅವನು ಹಚ್ಚಿದ. ಮಾಸ್ತರರು ಇನ್ನೊಮ್ಮೆ ಹೇಳಿದರು. ಅವನು ಮತ್ತೆ ತಲೆ ತೂಗಿದ. ಮತ್ತೆ ತಾಳ ತಪ್ಪಿತು.

"ಭಾವ" ಎಂದ ಸುದರ್ಶನ, ಕಣ್ಣೊರೆಸಿಕೊಳ್ಳುತ್ತ. "ಸೋತೆ. ಈಗ ಎಲ್ಲಾ ಸ್ಪಷ್ಟ ಕೇಳ್ತದೆ."